ಕಬ್ಬನ್ ಪಾರ್ಕಿನಲ್ಲಿ ಕಟ್ಟಡ: ಮರದ ಲೆಕ್ಕ ಎಲ್ಲಿ ತಪ್ಪುತ್ತದೆ?

ಕಬ್ಬನ್ ಪಾರ್ಕಿನೊಳಗೆ ಹೊಸ ಕಟ್ಟಡ ಬರುತ್ತದಂತೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಏಳುತ್ತಾ ಅಡಗುತ್ತಾ ಇದೆ. 2019ರ ಕೊನೆಯಲ್ಲಿ, ಪಾರ್ಕಿನೊಳಗಿದ್ದ ಹಳೆಯ ಚುನಾವಣಾ ಆಯೋಗದ ಕಚೇರಿಯನ್ನು ಕೆಡವಿ ಅದೇ ಜಾಗದಲ್ಲಿ ಹೈಕೋರ್ಟ್ ಬಳಕೆಗೆ ಏಳಂತಸ್ತಿನ ಕಟ್ಟಡ ಎಬ್ಬಿಸುವ ಪ್ರಸ್ತಾವ ಬಂದಾಗ, ದಿನಾ ವಾಕಿಂಗ್‌ಗೆ ಬರುವವರು ಫಲಕ ಹಿಡಿದು ನಿಂತರು. ಆ ಮೇಲೆ ಈ ಚರ್ಚೆ ಪೂರ್ತಿ ನಿಂತಿದ್ದೇ ಇಲ್ಲ.

ಇದನ್ನು ದೂರದಿಂದ ಓದುವವರಿಗೆ ಕೆಲವು ಅನುಮಾನಗಳು ಬರುವುದು ಸಹಜ. ಅಲ್ಲಿ ಮೊದಲೇ ಒಂದು ಕಟ್ಟಡ ಇತ್ತು, ಮರ ಕಡಿಯುವುದಿಲ್ಲ ಎಂದೂ ಹೇಳುತ್ತಿದ್ದಾರೆ, ಹಾಗಿದ್ದ ಮೇಲೆ ಪಾರ್ಕಿಗೆ ಆಗುವ ನಷ್ಟವೇನು? ಈಗ ಹೈಕೋರ್ಟ್ ನಡೆಯುವ ಕೆಂಪು ಕಟ್ಟಡ ಅಠಾರ ಕಚೇರಿಯೂ ಅಲ್ಲೇ ಇದೆಯಲ್ಲ, ಅದನ್ನು ನೋಡಿ ಯಾರೂ ಬೇಸರಪಡುವುದಿಲ್ಲವಲ್ಲ? ಹೊರದೇಶಗಳಲ್ಲಿ ಕಟ್ಟಡದ ನೆತ್ತಿಯ ಮೇಲೇ ತೋಟ ಬೆಳೆಸುತ್ತಾರೆ, ಇಲ್ಲಿ ಯಾಕಾಗದು?

ಮೂರೂ ನ್ಯಾಯವಾದ ಪ್ರಶ್ನೆಗಳು. ಆದರೆ ಚರ್ಚೆಯೆಲ್ಲ ಕಟ್ಟಡ ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದರ ಸುತ್ತಲೇ ಸುತ್ತುತ್ತದೆ. ಉದ್ಯಾನದ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಕಟ್ಟಡದ ಬುಡದಲ್ಲಿ ಏನಾಗುತ್ತದೆ, ಅದು ಮರಗಳ ನೆತ್ತಿ ದಾಟುತ್ತದೆಯೇ, ದಿನಕ್ಕೆ ಎಷ್ಟು ಜನರನ್ನು ಮತ್ತು ಎಷ್ಟು ಗಾಡಿಗಳನ್ನು ಒಳಗೆ ಎಳೆದು ತರುತ್ತದೆ ಎಂಬುದು. ಪರಿಸರಕ್ಕೆ ಹೊಂದುವ ವಿನ್ಯಾಸ ಎನ್ನುವ ಮಾತಿಗೆ ಅರ್ಥ ಬರುವುದು ಈ ಲೆಕ್ಕಗಳನ್ನು ಮೊದಲು ಮುಂದಿಟ್ಟಾಗ.

ಕಚೇರಿ ಮೊದಲು, ಪಾರ್ಕು ಆಮೇಲೆ

ಅಠಾರ ಕಚೇರಿ ಕಟ್ಟಿದ್ದು 1864ರಿಂದ 1868ರ ನಡುವೆ. ಪಾರ್ಕು ಆದದ್ದು 1870ರಲ್ಲಿ. ಎರಡರ ಹಿಂದೆಯೂ ಇದ್ದವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ. ಅಂದರೆ ಇಲ್ಲಿ ಉದ್ಯಾನದೊಳಕ್ಕೆ ಕಟ್ಟಡ ನುಗ್ಗಲಿಲ್ಲ. ಇದ್ದ ಕಟ್ಟಡವನ್ನು ನೋಡಿಕೊಂಡೇ ದಾರಿ, ಹುಲ್ಲುಹಾಸು, ಮರದ ಸಾಲುಗಳನ್ನು ಎಳೆದರು. ಆಗ ಅದರ ಹೆಸರು ಮೀಡ್ಸ್ ಪಾರ್ಕ್. ಆಮೇಲೆ ಕಬ್ಬನ್ ಹೆಸರು ಬಂತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಹೆಸರಿಟ್ಟರೂ ಜನರ ಬಾಯಲ್ಲಿ ಉಳಿದಿರುವುದು ಹಳೆಯದೇ.

1877ರಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡ ಬಂತು. 1915ರಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಂದರೆ ಇಂದಿನ ಸೆಂಟ್ರಲ್ ಲೈಬ್ರರಿ. ಮೂರೂ ಕಡುಗೆಂಪು. ಹಸಿರಿನ ನಡುವೆ ಕಣ್ಣಿಗೆ ಹೊಡೆಯುವ ಬಣ್ಣ ಅದು, ಮರೆಯಾಗುವ ಉದ್ದೇಶವೇ ಅವಕ್ಕಿಲ್ಲ. ಆದರೂ ಅವು ಪಾರ್ಕಿನವೇ ಎನ್ನಿಸುವುದಕ್ಕೆ ಕಾರಣಗಳಿವೆ. ಎತ್ತರ ಕಡಿಮೆ, ಮಾಗಿದ ಮರಗಳು ಅವುಗಳ ಮಾಡಿನ ಮೇಲೆ ಚಾಚಿಕೊಂಡಿವೆ. ಸುತ್ತ ಸಾಕಷ್ಟು ಬಯಲಿದೆ. ಲೈಬ್ರರಿಗೆ ಹೋಗುವವನು ಗುಲಾಬಿ ತೋಟ ದಾಟಿಕೊಂಡು ನಡೆದೇ ಹೋಗುತ್ತಾನೆ, ಆ ನಡಿಗೆಯೇ ಕಟ್ಟಡದ ಭಾಗವಾಗಿಬಿಟ್ಟಿದೆ.

ಸ್ವಾತಂತ್ರ್ಯಾನಂತರ ಬಂದ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯ, ವೆಂಕಟಪ್ಪ ಆರ್ಟ್ ಗ್ಯಾಲರಿಗಳು ಕಸ್ತೂರಬಾ ರಸ್ತೆಯ ಅಂಚಿಗೆ ನಿಂತಿವೆ. ಬಾಲಭವನ, ಮತ್ಸ್ಯಾಲಯ, ಟೆನಿಸ್ ಅಂಗಳ, ಕ್ಲಬ್ಬುಗಳು ಬೇರೆ ಬೇರೆ ಕಾಲದಲ್ಲಿ ಸೇರಿಕೊಂಡವು. ಪಾರ್ಕು ಸುಮಾರು 300 ಎಕರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರಸ್ತೆ, ಕಟ್ಟಡ, ಕಾಂಪೌಂಡುಗಳನ್ನು ಕಳೆದರೆ ಹಸಿರಾಗಿ ಉಳಿದಿರುವುದು ಅದಕ್ಕಿಂತ ಬಹಳ ಕಡಿಮೆ. ಹೊಸ ಪ್ರಸ್ತಾವಕ್ಕೆ ವಿರೋಧ ಇಷ್ಟು ಗಟ್ಟಿಯಾಗಿರುವುದಕ್ಕೆ ಈ ಇತಿಹಾಸವೇ ಕಾರಣ: ಪ್ರತಿಯೊಂದು ತುಂಡೂ ಹೋಗುವಾಗ ಚಿಕ್ಕದಾಗಿಯೇ ಕಂಡಿತ್ತು. 1998ರಲ್ಲಿ ಸುಮಾರು 32 ಎಕರೆಯನ್ನು ಸಂರಕ್ಷಿತ ಗಡಿಯಿಂದ ಹೊರಗಿಡುವ ಅಧಿಸೂಚನೆ ಬಂದಾಗ ಬೆಂಗಳೂರು ಬೀದಿಗಿಳಿದದ್ದು ಅನೇಕರಿಗೆ ನೆನಪಿರಬಹುದು.

ಎರಡು ಕಡೆಯ ವಾದದಲ್ಲೂ ಹುರುಳಿದೆ

ಹೈಕೋರ್ಟ್‌ಗೆ ಜಾಗ ಸಾಲುತ್ತಿಲ್ಲ ಎಂಬುದು ನೆಪವಲ್ಲ. ಮಂಜೂರಾದ ನ್ಯಾಯಮೂರ್ತಿಗಳ ಸಂಖ್ಯೆ 62. ಧಾರವಾಡ, ಕಲಬುರಗಿ ಪೀಠಗಳಿಗೆ ಹಂಚಿದ ಮೇಲೂ ಪ್ರಧಾನ ಪೀಠದಲ್ಲಿ ಕೋರ್ಟ್ ಹಾಲ್, ಚೇಂಬರ್, ಕಡತದ ಕೊಠಡಿ, ವಕೀಲರು ಮತ್ತು ಕಕ್ಷಿದಾರರು ಕೂರುವ ಜಾಗ, ಎಲ್ಲವೂ ಇಕ್ಕಟ್ಟು. ದೂರದ ಊರಿನಿಂದ ಬಂದ ಕಕ್ಷಿದಾರ ಪಡಸಾಲೆಯಲ್ಲಿ ಗಂಟೆಗಟ್ಟಲೆ ನಿಂತಿರುವುದು ನ್ಯಾಯದಾನದ ಗುಣಮಟ್ಟಕ್ಕೇ ಸಂಬಂಧಿಸಿದ ವಿಷಯ. ಮುಖ್ಯ ಕಟ್ಟಡದ ಕೂಗಳತೆಯಲ್ಲೇ ವಿಸ್ತರಣೆಯೂ ಇದ್ದರೆ ಕಡತ ಸಾಗಿಸುವುದು, ಭದ್ರತೆ, ಒಂದು ಹಾಲ್‌ನಿಂದ ಇನ್ನೊಂದಕ್ಕೆ ವಕೀಲರು ಓಡುವುದು ಎಲ್ಲ ಸಲೀಸು. ಹೊಸ ಜಾಗವನ್ನು ಒತ್ತುವುದಿಲ್ಲ, ಹಳೆಯ ಅಡಿಪಾಯದ ಅಳತೆಯಲ್ಲೇ ಮೇಲಕ್ಕೆ ಹೋಗುತ್ತೇವೆ ಎನ್ನುವ ವಾದ ಹುಟ್ಟುವುದು ಹೀಗೆ.

ಇತ್ತ ಪಾರ್ಕಿನ ಪರ ನಿಂತವರು ಹೇಳುವುದು: ಸಂರಕ್ಷಿತ ಉದ್ಯಾನದಲ್ಲಿ ಹಳೆಯ ಕಟ್ಟಡವೊಂದು ಆಯುಸ್ಸು ಮುಗಿಸಿದರೆ ಆ ನೆಲ ಪಾರ್ಕಿಗೆ ವಾಪಸ್ ಬರಬೇಕು. ಚಿಕ್ಕ ಕಚೇರಿ ಇದ್ದ ಕಡೆ ಬಹುಮಹಡಿ ಎದ್ದರೆ ಸರ್ವೆ ನಕ್ಷೆಯಲ್ಲಿ ಜಾಗ ಅಷ್ಟೇ ಇರಬಹುದು, ಪಾರ್ಕಿನ ಮೇಲೆ ಬೀಳುವ ಹೊರೆ ಅಷ್ಟೇ ಇರುವುದಿಲ್ಲ.

ಇವರ ನಡುವೆ ಮೂರನೆಯ ದನಿಯೊಂದಿದೆ. ವಿನ್ಯಾಸ ಚೆನ್ನಾಗಿದ್ದರೆ ಎರಡನ್ನೂ ಸಾಧಿಸಬಹುದು, ಹಸಿರು ಛಾವಣಿ ಹಾಕಿ, ಗೋಡೆಗೆ ಬಳ್ಳಿ ಹಬ್ಬಿಸಿ, ಅರ್ಧ ಭಾಗವನ್ನು ನೆಲದಡಿಗೆ ಇಳಿಸಿ ಎನ್ನುತ್ತದೆ ಅದು. ಸಾಮಾನ್ಯ ಓದುಗರಿಗೆ ಹೆಚ್ಚು ಆಕರ್ಷಕವಾಗಿ ಕಾಣುವುದೂ ಇದೇ. ಹಾಗಾಗಿ ಇದನ್ನೇ ಬಿಡಿಸಿ ನೋಡಬೇಕು.

ಮರ ನಿಂತಿರುವುದು ಕಾಂಡದ ಮೇಲಲ್ಲ

ಒಂದು ಮರವನ್ನೂ ಕಡಿಯುವುದಿಲ್ಲ ಎಂಬ ಭರವಸೆ ಪ್ರಾಮಾಣಿಕವಾಗಿಯೇ ಇರಬಹುದು. ಆದರೆ ಮರ ಎಂದರೆ ಕಾಂಡ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮರಕ್ಕೆ ನೀರು ಗೊಬ್ಬರ ಹೀರಿ ಕೊಡುವ ಎಳೆ ಬೇರುಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲಿ. ಅವು ಕೊಂಬೆಗಳ ಹರವನ್ನೂ ದಾಟಿ ಹರಡಿರುತ್ತವೆ.

ನಿರ್ಮಾಣ ಕೆಲಸದ ಹತ್ತಿರ ಮರ ಕಾಪಾಡಲು ಬ್ರಿಟನ್ನಿನಲ್ಲಿ ಬಳಸುವ ಮಾನದಂಡವೊಂದಿದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ ತೆಗೆದು ಅದನ್ನು 12ರಿಂದ ಗುಣಿಸಬೇಕು. ಬಂದ ಉತ್ತರವೇ ಮರದ ಸುತ್ತ ಯಾರೂ ಅಗೆಯಬಾರದ, ಗಾಡಿ ನಿಲ್ಲಿಸಬಾರದ, ಜಲ್ಲಿ ಸುರಿಯಬಾರದ ವೃತ್ತದ ತ್ರಿಜ್ಯ. ಒಂದು ಮೀಟರ್ ಅಡ್ಡಳತೆಯ ಮರಕ್ಕೆ ಇದು 12 ಮೀಟರ್. ವೃತ್ತದ ವಿಸ್ತೀರ್ಣ 450 ಚದರ ಮೀಟರ್ ದಾಟುತ್ತದೆ. ಬೆಂಗಳೂರಿನವರಿಗೆ ತಿಳಿಯುವ ಅಳತೆಯಲ್ಲಿ ಹೇಳುವುದಾದರೆ, ಮೂವತ್ತು-ನಲವತ್ತರ ನಾಲ್ಕು ಸೈಟು. ಒಂದೇ ಮರಕ್ಕೆ. ಕಬ್ಬನ್ ಪಾರ್ಕಿನ ಹಳೆಯ ಮಳೆಮರಗಳನ್ನು ಕಣ್ಣಿಗೆ ತಂದುಕೊಂಡರೆ ಒಂದು ಮೀಟರ್ ಅಡ್ಡಳತೆ ಅಪರೂಪದ್ದೇನಲ್ಲ.

ಈಗ ಕೆಲಸ ನಡೆಯುವ ಜಾಗವನ್ನು ಊಹಿಸಿಕೊಳ್ಳಿ. ಹಳೆಯ ಕಟ್ಟಡದ ಅಡಿಪಾಯದಷ್ಟೇ ಜಾಗ ಸಾಕು ಎನ್ನುವುದು ಕಟ್ಟಿ ಮುಗಿದ ಮೇಲಿನ ಮಾತು. ಕಟ್ಟುವಾಗ ಸುತ್ತ ಇನ್ನೂ ಜಾಗ ಬೇಕೇ ಬೇಕು: ಕ್ರೇನ್ ನಿಲ್ಲಬೇಕು, ಕಬ್ಬಿಣ ಕತ್ತರಿಸಿ ಬಗ್ಗಿಸಬೇಕು, ಕಾಂಕ್ರೀಟ್ ಮಿಕ್ಸರ್ ಲಾರಿ ಹಿಂದಕ್ಕೆ ಬರಬೇಕು, ಕೂಲಿಯವರ ಶೆಡ್ ಹಾಕಬೇಕು. ತುಂಬಿದ ಮಿಕ್ಸರ್ ಲಾರಿಯ ತೂಕ 25 ಟನ್ ಮುಟ್ಟುತ್ತದೆ. ಅದು ನಾಲ್ಕು ಸಲ ಓಡಾಡಿದ ಕಡೆ ಕೆಂಪು ಮಣ್ಣು ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಮಣ್ಣಿನ ಕಣಗಳ ನಡುವಿನ ಗಾಳಿ ಹೋಗುತ್ತದೆ, ನೀರು ಇಳಿಯುವುದಿಲ್ಲ, ಬೇರಿಗೆ ಉಸಿರು ಕಟ್ಟುತ್ತದೆ. ಮಿಕ್ಸರ್ ತೊಳೆದ ಸಿಮೆಂಟ್ ನೀರು ಮಣ್ಣಿನ ಕ್ಷಾರ ಗುಣವನ್ನು ಏರಿಸುತ್ತದೆ. ನೆಲಮಾಳಿಗೆ ಅಗೆದರೆ ಹಳ್ಳಕ್ಕೆ ಬರುವ ನೀರನ್ನು ಪಂಪ್ ಮಾಡಿ ಹೊರಹಾಕಬೇಕು, ಪಕ್ಕದ ಮರಗಳಡಿಯ ತೇವವೂ ಅದರ ಜೊತೆ ಹೋಗುತ್ತದೆ.

ಇಷ್ಟಾದರೂ ಮರ ಅಂದೇ ಸಾಯುವುದಿಲ್ಲ. ಮೊದಲ ವರ್ಷ ನೆತ್ತಿಯ ಎಲೆ ತೆಳುವಾಗುತ್ತದೆ. ಆಮೇಲೆ ತುದಿ ಕೊಂಬೆಗಳು ಒಣಗುತ್ತವೆ. ಮೂರು, ಐದು, ಕೆಲವೊಮ್ಮೆ ಇನ್ನೂ ಹೆಚ್ಚು ವರ್ಷಗಳ ನಂತರ ಒಂದು ಮಳೆಗಾಲದ ಗಾಳಿಗೆ ಮರ ಬುಡಸಮೇತ ಉರುಳುತ್ತದೆ. ಸುದ್ದಿಯಲ್ಲಿ ಅದು ಮಳೆಗೆ ಬಿದ್ದ ಮರವಾಗಿ ದಾಖಲಾಗುತ್ತದೆ. ಗುತ್ತಿಗೆದಾರನ ಹೊಣೆಗಾರಿಕೆಯ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಕಡಿದ ಮರಗಳ ಪಟ್ಟಿ ಸೊನ್ನೆಯಾಗಿಯೇ ಉಳಿಯುತ್ತದೆ.

ಏಳಂತಸ್ತು ಎಂದರೆ ಎಷ್ಟೆತ್ತರ

ಸರ್ಕಾರಿ ಕಚೇರಿಯ ಒಂದು ಮಹಡಿಗೆ ಹವಾನಿಯಂತ್ರಣದ ಕೊಳವೆ, ತೊಲೆ ಎಲ್ಲ ಸೇರಿ ನಾಲ್ಕು ಮೀಟರ್ ಹತ್ತಿರ ಹಿಡಿಯುತ್ತದೆ. ಕೋರ್ಟ್ ಹಾಲ್ ಇದ್ದರೆ ಇನ್ನೂ ಹೆಚ್ಚು. ಏಳು ಮಹಡಿಗೆ 28 ಮೀಟರ್, ಮೇಲೆ ಲಿಫ್ಟ್ ಕೋಣೆ, ನೀರಿನ ಟ್ಯಾಂಕ್ ಸೇರಿದರೆ 30 ದಾಟುತ್ತದೆ. ಚೆನ್ನಾಗಿ ಬೆಳೆದ ಮಳೆಮರದ ಎತ್ತರ 20ರಿಂದ 25 ಮೀಟರ್. ಯಾವ ಬಣ್ಣ ಬಳಿದರೂ, ಯಾವ ಬಳ್ಳಿ ಹಬ್ಬಿಸಿದರೂ ಕೊನೆಯ ಎರಡು ಮಹಡಿ ಮರದ ಸಾಲಿನ ಮೇಲೆ ಎದ್ದು ನಿಲ್ಲುತ್ತದೆ. ಎರಡು ಮಹಡಿಯ ಕಟ್ಟಡಕ್ಕೆ ಈ ತೊಂದರೆಯೇ ಇಲ್ಲ.

ಮರೆಮಾಡಲು ಕನ್ನಡಿಯಂಥ ಗಾಜು ಹಾಕುವುದು ಈಚಿನ ಒಲವು. ಗಾಜಿನಲ್ಲಿ ಮರದ ಬಿಂಬ ಕಂಡರೆ ಮನುಷ್ಯನ ಕಣ್ಣಿಗೆ ಕಟ್ಟಡ ಕರಗಿದಂತೆ ಕಾಣುತ್ತದೆ. ಹಕ್ಕಿಗೂ ಹಾಗೇ ಕಾಣುತ್ತದೆ, ಬಿಂಬವನ್ನು ಮರವೆಂದೇ ನಂಬಿ ವೇಗವಾಗಿ ಹಾರಿ ಬಂದು ಗುದ್ದಿ ಸಾಯುತ್ತದೆ. ಉದ್ಯಾನದ ನಡುವೆ ಗಾಜು ಬೇಕಾದರೆ ಅದರ ಮೇಲೆ ಒತ್ತಾದ ಚುಕ್ಕೆ ಅಥವಾ ಗೆರೆಗಳ ವಿನ್ಯಾಸ ಇರಲೇಬೇಕು, ಇಲ್ಲವೇ ಹೊರಗೆ ಜಾಲಂಧ್ರ (ತೂತುಗಳಿರುವ ಜಾಲರಿ) ಇರಬೇಕು. ರಾತ್ರಿ ಉರಿಯುವ ಭದ್ರತಾ ದೀಪಗಳು ಗೂಬೆ, ಬಾವಲಿಗಳ ಓಡಾಟವನ್ನು ಕೆಡಿಸುತ್ತವೆ ಎಂಬುದನ್ನೂ ನಕ್ಷೆ ಮಾಡುವಾಗಲೇ ಯೋಚಿಸಬೇಕಾಗುತ್ತದೆ.

ಛಾವಣಿ ತೋಟದ ಭಾರ

ಹುಲ್ಲು, ಚಿಕ್ಕ ಗಿಡಗಳಿಗೆ ಅರ್ಧ ಅಡಿ ಮಣ್ಣು ಸಾಕು. ಆ ಭಾರವನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ ಛಾವಣಿಯ ಮೇಲೆ ಅದನ್ನು ಮಾಡಬಹುದು, ಕಟ್ಟಡ ತಂಪಾಗುತ್ತದೆ, ಮಳೆನೀರು ನಿಧಾನವಾಗಿ ಇಳಿಯುತ್ತದೆ. ಒಳ್ಳೆಯದೇ. ಆದರೆ ಪಾರ್ಕಿನ ಮರಕ್ಕೆ ಬದಲಾಗಿ ಮರವೇ ಬೇಕು ಎಂದರೆ ಒಂದೂವರೆ ಮೀಟರ್ ಮಣ್ಣು ಬೇಕು. ಮಳೆಯಲ್ಲಿ ನೆನೆದ ಮಣ್ಣು ಒಂದು ಘನ ಮೀಟರ್‌ಗೆ ಸುಮಾರು 1.8 ಟನ್ ತೂಗುತ್ತದೆ. ಚದರ ಮೀಟರ್‌ಗೆ 2.7 ಟನ್ ಆಯಿತು, ಮರದ ತೂಕ ಬೇರೆ. ಕಚೇರಿಯ ಮಹಡಿಗೆ ಜನ, ಮೇಜು ಕುರ್ಚಿಗಳ ಭಾರವೆಂದು ಎಂಜಿನಿಯರ್‌ಗಳು ಹಿಡಿಯುವುದು ಚದರ ಮೀಟರ್‌ಗೆ 250ರಿಂದ 400 ಕಿಲೋ. ಏಳರಿಂದ ಹತ್ತು ಪಟ್ಟು ಭಾರ ಹೊರಲು ದಪ್ಪ ಕಂಬ, ಆಳದ ಅಡಿಪಾಯ ಬೇಕು. ಅಡಿಪಾಯ ಆಳವಾದಷ್ಟೂ ಅಗೆತ, ಅಗೆದಷ್ಟೂ ಬೇರಿಗೆ ಪೆಟ್ಟು. ಛಾವಣಿಯ ಮೇಲೆ ಹತ್ತು ಮರ ಬೆಳೆಸಲು ಹೋಗಿ ಪಕ್ಕದ ನೂರು ವರ್ಷದ ಎರಡು ಮರ ಕಳೆದುಕೊಳ್ಳುವ ಸಾಧ್ಯತೆ ಇರುವುದು ಇಲ್ಲಿ.

ನೆಲದಡಿಗೆ ಇಳಿಸುವುದಕ್ಕೂ ಇದೇ ಮಾತು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ನೆಲದಡಿಯಲ್ಲಿದೆ, ಆದರೂ ಒಳಹೋಗುವ ದಾರಿ, ಗಾಳಿಯ ಗೂಡು, ತುರ್ತು ನಿರ್ಗಮನಗಳಿಗೆ ಮೇಲೆ ಜಾಗ ಬೇಕೇ ಆಯಿತು.

ಗೆದ್ದ ಕಟ್ಟಡಗಳು ಎಲ್ಲಿ ನಿಂತಿವೆ

ಜಪಾನಿನ ಫುಕುವೊಕಾದಲ್ಲಿರುವ ಆಕ್ರೋಸ್ ಕಟ್ಟಡದ ಚಿತ್ರವನ್ನು ಅನೇಕರು ನೋಡಿರುತ್ತೀರಿ. ಎಮಿಲಿಯೊ ಅಂಬಾಸ್ ವಿನ್ಯಾಸ ಮಾಡಿದ, 1995ರಲ್ಲಿ ಮುಗಿದ ಈ ಕಟ್ಟಡ ಉದ್ಯಾನದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪ್ರತಿ ಮೆಟ್ಟಿಲಿನ ಮೇಲೂ ಗಿಡಮರ. ಮೊದಲು ನೆಟ್ಟ 35 ಸಾವಿರಕ್ಕೂ ಹೆಚ್ಚು ಗಿಡಗಳು ಇಂದು ಬೆಟ್ಟದ ಇಳಿಜಾರಿನ ಕಾಡಿನಂತೆ ಬೆಳೆದಿವೆ, ಜನ ಅದನ್ನು ಹತ್ತಿ ಇಳಿಯುತ್ತಾರೆ. ಒಳಗೆ ಸಂಗೀತ ಸಭಾಂಗಣ, ಕಚೇರಿಗಳು ಇವೆ. ಇಲ್ಲಿ ಏಕಾಗದು ಎಂದು ಕೇಳುವವರ ಮನಸ್ಸಿನಲ್ಲಿರುವುದು ಇಂಥ ಚಿತ್ರವೇ.

ಚಿತ್ರದಲ್ಲಿ ಕಾಣದ ಒಂದು ಸಂಗತಿಯಿದೆ. ಆಕ್ರೋಸ್ ನಿಂತಿರುವುದು ಟೆಂಜಿನ್ ಸೆಂಟ್ರಲ್ ಪಾರ್ಕಿನ ಪಕ್ಕದಲ್ಲಿ, ಹಿಂದೆ ಪ್ರಾಂತೀಯ ಸರ್ಕಾರದ ಕಚೇರಿ ಇದ್ದ ನಿವೇಶನದಲ್ಲಿ. ಉತ್ತರಕ್ಕೆ ನಗರದ ದೊಡ್ಡ ರಸ್ತೆ, ಆ ಕಡೆಯ ಮುಖ ಬೇರೆ ಯಾವ ಕಚೇರಿಯಂತೆಯೇ ಗಾಜಿನದು. ಜನ, ಗಾಡಿ, ಸರಕು ಬರುವುದಕ್ಕೆ ರಸ್ತೆ ಇದೆ. ಅಂದರೆ ಅಲ್ಲಿ ಉದ್ಯಾನ ಕಟ್ಟಡದ ಮೇಲಕ್ಕೆ ವಿಸ್ತರಿಸಿತು. ನಮ್ಮಲ್ಲಿ ಚರ್ಚೆಯಲ್ಲಿರುವುದು ಇದರ ತಿರುಗುಮುರುಗು.

ಗ್ಲಾಸ್ಗೊ ನಗರದ ಪೊಲಕ್ ಉದ್ಯಾನದೊಳಗಿರುವ ಬರೆಲ್ ಸಂಗ್ರಹಾಲಯದ ಉದಾಹರಣೆ ನಮಗೆ ಹೆಚ್ಚು ಹತ್ತಿರ. ಅದನ್ನು ಬಯಲಿನ ನಡುವೆ ಇಡದೆ, ಒಂದು ಅಂಚಿನಲ್ಲಿ ಕಾಡಿಗೆ ತಾಗಿದಂತೆ ಕಟ್ಟಿದರು. ಉತ್ತರದ ಗೋಡೆ ಪೂರ್ತಿ ಗಾಜು, ಒಳಗೆ ನಡೆಯುವಾಗ ಒಂದು ಕಡೆ ಶಿಲ್ಪ, ಇನ್ನೊಂದು ಕಡೆ ಮರದ ಕಾಂಡಗಳು. ತಗ್ಗಾದ ಕಟ್ಟಡ. 1983ರಲ್ಲಿ ತೆರೆದಾಗ ಬಹಳ ಹೊಗಳಿಕೆ ಪಡೆಯಿತು. ಆದರೆ ಛಾವಣಿ ಸೋರತೊಡಗಿ, 2016ರಲ್ಲಿ ಮುಚ್ಚಿ ದುರಸ್ತಿ ಮಾಡಿ 2022ರಲ್ಲಿ ಮತ್ತೆ ತೆರೆಯಬೇಕಾಯಿತು. ಮರಗಳ ನಡುವಿನ ಕಟ್ಟಡಕ್ಕೆ ನಿರ್ವಹಣೆಯ ಖರ್ಚು ಕೊನೆಯವರೆಗೂ ಇರುತ್ತದೆ. ಎಲೆ ಉದುರಿ ನೀರಿನ ದಾರಿ ಕಟ್ಟುತ್ತದೆ, ತೇವ ಆರುವುದಿಲ್ಲ. ಬಳ್ಳಿಗೋಡೆಗೆ ನೀರು ಬಿಡುವ ಪೈಪು ಕೆಟ್ಟರೆ ಬೇಸಿಗೆಯ ಎರಡು ವಾರ ಸಾಕು, ಗೋಡೆ ಒಣಗಿ ಕಂದಾಗುತ್ತದೆ.

ಎತ್ತರವಾದದ್ದು ಏನು ಮಾಡುತ್ತದೆ ಎಂಬುದಕ್ಕೆ ಶಿಕಾಗೊದ ಜ್ಯಾಕ್ಸನ್ ಪಾರ್ಕಿನ ಒಬಾಮ ಕೇಂದ್ರ ಇದೆ. ಅಲ್ಲಿನ ಗ್ರಂಥಾಲಯದ ಮೇಲೆ ತೋಟವಿದೆ, ವಾಹನ ನಿಲುಗಡೆ ನೆಲದಡಿಗೆ ಹೋಗಿದೆ. ಇಷ್ಟೆಲ್ಲ ಮಾಡಿದರೂ ಸುಮಾರು 70 ಮೀಟರ್ ಎತ್ತರದ ಒಂದು ಗೋಪುರ ಎಲ್ಲರ ಕಣ್ಣಿಗೆ ಬಿದ್ದು ಟೀಕೆಗೆ ಗುರಿಯಾಯಿತು.

ದೆಹಲಿಯ ಲೋಧಿ ಉದ್ಯಾನದ ಪಕ್ಕ ಜೋಸೆಫ್ ಸ್ಟೈನ್ ಕಟ್ಟಿದ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ 1962ರಿಂದಲೂ ಮರಗಳ ಮಟ್ಟದಲ್ಲೇ ಇದೆ. ಜಾಲಂಧ್ರ, ಕಲ್ಲು, ಒಳಂಗಳ ಇವೇ ಅದರ ಬಂಡವಾಳ.

ಗೋಡೆಯಾಚೆಯ ಹೊರೆ

ಈ ಎಲ್ಲ ಉದಾಹರಣೆಗಳಲ್ಲಿ ಇನ್ನೊಂದು ಸಾಮ್ಯವಿದೆ. ಸಂಗ್ರಹಾಲಯ, ಸಭಾಂಗಣ, ಗ್ರಂಥಾಲಯಗಳಿಗೆ ಬರುವವನು ಉದ್ಯಾನಕ್ಕೆ ಬರುವ ಮನಸ್ಸಿನಲ್ಲೇ ಬರುತ್ತಾನೆ. ಹೈಕೋರ್ಟಿಗೆ ಬರುವವನು ಬೆಳಿಗ್ಗೆ ಹತ್ತೂವರೆಗೆ ಹಾಲ್‌ನಲ್ಲಿರಬೇಕು, ಕೈಯಲ್ಲಿ ಕಡತದ ಕಟ್ಟು ಇರುತ್ತದೆ. ನ್ಯಾಯಮೂರ್ತಿಗಳ ವಾಹನ, ಬೆಂಗಾವಲು, ಪೊಲೀಸ್ ವ್ಯಾನ್, ಜೆರಾಕ್ಸ್ ಅಂಗಡಿ, ಕ್ಯಾಂಟೀನ್, ಜನರೇಟರ್, ಅಗ್ನಿಶಾಮಕ ವಾಹನ ಸುತ್ತಲು ಬೇಕಾದ ಗಟ್ಟಿ ರಸ್ತೆ ಎಲ್ಲವೂ ಈ ಬಳಕೆಯ ಜೊತೆಗೇ ಬರುತ್ತವೆ. ಭದ್ರತೆಯ ಬೇಲಿ ಬಂದರೆ ಜನರ ಓಡಾಟದ ಹಾದಿಯೊಂದು ಮುಚ್ಚುತ್ತದೆ. ಭಾನುವಾರ ವಾಹನ ನಿಲ್ಲಿಸಿ ಪಾರ್ಕನ್ನು ನಡಿಗೆಗೆ ಬಿಟ್ಟುಕೊಡಲು ನಗರ ಪಟ್ಟ ಪಾಡು ನೋಡಿದವರಿಗೆ, ವಾರದ ಐದು ದಿನ ಇನ್ನಷ್ಟು ಗಾಡಿ ಸೇರಿಸುವುದರ ಅರ್ಥ ತಿಳಿಯುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕಬ್ಬನ್ ಪಾರ್ಕಿನೊಳಗಿನ ಹಳೆಯ ಕಟ್ಟಡವನ್ನು ಬದಲಿಸಲೇಬೇಕಾದರೆ ಅದು ಎರಡು ಮಹಡಿ ಮೀರಬಾರದು, ಒಂದೇ ಒಂದು ಕಾರಿಗೂ ಹೊಸ ಜಾಗ ಕೇಳಬಾರದು. ಹೈಕೋರ್ಟಿನ ಕೂಗಳತೆಯಲ್ಲೇ ವಿಧಾನಸೌಧ ಮೆಟ್ರೊ ನಿಲ್ದಾಣ ಇರುವಾಗ ಈ ಷರತ್ತು ಅಸಾಧ್ಯದ್ದಲ್ಲ. ಕಡತಗಳು ಡಿಜಿಟಲ್ ಆಗುತ್ತಿರುವುದರಿಂದ ಉಗ್ರಾಣದಂಥ ವಿಭಾಗಗಳನ್ನು ಹೊರಗೆ ಸಾಗಿಸಿ, ಇರುವ ಕಟ್ಟಡದಲ್ಲೇ ಹಾಲ್‌ಗಳಿಗೆ ಜಾಗ ಮಾಡುವ ಸಾಧ್ಯತೆಯನ್ನು ಮೊದಲು ಲೆಕ್ಕ ಹಾಕಬೇಕು. ಅದೂ ಸಾಲದಿದ್ದರೆ ನ್ಯಾಯಾಲಯಕ್ಕೆ ಪಾರ್ಕಿನ ಹೊರಗೆ, ಮುಂದಿನ ಐವತ್ತು ವರ್ಷಕ್ಕೆ ಸಾಲುವ ಜಾಗ ಸಿಗಬೇಕು. ಏಳಂತಸ್ತು ಕಟ್ಟಿದರೂ ಹದಿನೈದು ವರ್ಷಕ್ಕೆ ಮತ್ತೆ ಜಾಗ ಸಾಲದು ಎನ್ನುವ ಸ್ಥಿತಿ ಬಂದರೆ ಪಾರ್ಕೂ ಹೋಯಿತು, ನ್ಯಾಯಾಲಯದ ತೊಂದರೆಯೂ ತೀರಲಿಲ್ಲ.

ಕಾನೂನು ಏನನ್ನು ಎಣಿಸುತ್ತದೆ

1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ನೆಲ ಪರಭಾರೆಯಾಗದಂತೆ ಕಾಯುತ್ತದೆ. ಒಂದು ಸರ್ಕಾರಿ ಕಚೇರಿಯ ಜಾಗದಲ್ಲಿ ಇನ್ನೊಂದು ಸರ್ಕಾರಿ ಕಟ್ಟಡ ಬಂದರೆ ಪರಭಾರೆ ಆಯಿತೇ ಎಂಬಲ್ಲಿಂದಲೇ ವಾದ ಶುರುವಾಗುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆಯಡಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ಸಾರ್ವಜನಿಕರ ಅಹವಾಲು ಕೇಳಬೇಕು. ಇದು ಎಣಿಸುವುದು ಕಡಿಯುವ ಮರಗಳನ್ನು. ಬೇರು ಕಳೆದುಕೊಂಡು ನಿಂತಿರುವ ಮರ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಾಗಿ ಪರಿಸರಕ್ಕೆ ಹೊಂದುವ ವಿನ್ಯಾಸ ಎಂಬ ಭರವಸೆಗೆ ಕಾನೂನಿನ ಬಲ ಕೊಡಬೇಕಾದ ಜಾಗ ಟೆಂಡರ್ ದಾಖಲೆ. ಪ್ರತಿ ಮರದ ಸುತ್ತ ಎಷ್ಟು ಮೀಟರ್ ಬೇಲಿ, ಲಾರಿ ಯಾವ ದಾರಿಯಲ್ಲಿ ಬರಬೇಕು, ಮಿಕ್ಸರ್ ಎಲ್ಲಿ ತೊಳೆಯಬೇಕು ಎಂಬುದು ಅಲ್ಲಿ ಬರೆದಿರಬೇಕು. ಬಿಲ್ಲಿನ ಒಂದು ಪಾಲನ್ನು ಐದು ವರ್ಷ ಹಿಡಿದಿಟ್ಟು, ತೋಟಗಾರಿಕೆ ಇಲಾಖೆ ಮರಗಳ ಆರೋಗ್ಯ ನೋಡಿ ಬಿಡುಗಡೆ ಮಾಡುವ ಷರತ್ತು ಇದ್ದರೆ ಗುತ್ತಿಗೆದಾರನೇ ಬೇರು ಕಾಯುತ್ತಾನೆ.

ಮುಂದೇನಾಗಬಹುದು

ಪಾರ್ಕಿನೊಳಗಿನ ಸಂಸ್ಥೆಗಳಲ್ಲಿ ಹಲವದರ ಕಟ್ಟಡಗಳಿಗೆ ಐವತ್ತು ವರ್ಷ ದಾಟಿದೆ. ಒಂದೊಂದಾಗಿ ಅವೂ ದುರಸ್ತಿಗೆ, ಬದಲಾವಣೆಗೆ ಬರುತ್ತವೆ. ಒಂದು ಸಂಸ್ಥೆಗೆ ಹಳೆಯ ಅಡಿಪಾಯದ ಮೇಲೆ ಏಳಂತಸ್ತು ಸಿಕ್ಕರೆ ಉಳಿದವೂ ಅದೇ ಆದೇಶದ ಪ್ರತಿ ಲಗತ್ತಿಸಿ ಅರ್ಜಿ ಹಾಕುತ್ತವೆ, ಅವಕ್ಕೆ ಇಲ್ಲ ಎನ್ನಲು ಸರ್ಕಾರಕ್ಕೆ ಕಾರಣ ಸಿಗುವುದಿಲ್ಲ. ಹಳೆಯ ಕಟ್ಟಡ ಬಿದ್ದ ಕಡೆ ಹೊಸದು ಹಳೆಯದಕ್ಕಿಂತ ಎತ್ತರವಾಗಬಾರದು, ನೆಲದಡಿ ಅಗೆಯಬಾರದು ಎಂಬ ನಿಯಮವನ್ನು ಪಾರ್ಕಿಗೆಂದೇ ಬರೆದಿಡುವುದಾದರೆ, ಮುಂದಿನ ಅರ್ಜಿ ಬರುವ ಮೊದಲೇ ಆ ಕೆಲಸ ಮುಗಿಯಬೇಕು.